ಹಿಂದಕ್ಕೆ ಸರಿಸಿದ ಫೋಕಸ್

ಸುರೇಂದ್ರ, ನಿನ್ನ ಕಣ್ಣಿಗೆ ಏನೂ ಆಗಿರಲಿಲ್ಲ. ನಿನ್ನ ಕ್ಯಾಮೆರಾದ ಫೋಕಸನ್ನು ಕೆಡಿಸಿದವನು ನಾನು. ಗೊತ್ತಿದ್ದೇ ಕೆಡಿಸಿದೆ — ಕೋಟೇಶ್ವರದ ನನ್ನ ಸ್ಟುಡಿಯೋದಲ್ಲಿ, ಬಾಗಿಲು ಅರ್ಧ ಮುಚ್ಚಿಕೊಂಡು.

ಮದುವೆ ಫೋಟೋ ತೆಗೆದು ಹೊಟ್ಟೆ ಹೊರೆಯುವ ನನಗೆ ಭಾನುವಾರದ ಹೊಳೆ, ಕಡಲು, ಗದ್ದೆಯ ಚಿತ್ರಗಳೇ ದೊಡ್ಡಸ್ತಿಕೆ. ಟ್ರೈಪಾಡ್ ನಿಲ್ಲಿಸಿ, ಬೆಳಕು ಒಳಬರುವ ಕಿಂಡಿಯನ್ನು, ಅಪರ್ಚರನ್ನು, ಕಿರಿದು ಮಾಡಿ, ಕಾಲಬುಡದ ಕಲ್ಲಿನಿಂದ ದೂರದ ದೋಣಿಯವರೆಗೆ ಎಲ್ಲವೂ ಸ್ಪಷ್ಟ ಬರಬೇಕು — ಅದೇ ನಾನು ಕಲಿತದ್ದು, ಮೀನಿನ ವ್ಯಾಪಾರದ ಬಿಡುವಿನಲ್ಲಿ ಬರುತ್ತಿದ್ದ ನಿನಗೂ ಕಲಿಸಿದ್ದು. ನೀನೋ, ಮುಂಬೈಯಿಂದ ಆ ದಪ್ಪ ಗಾಜಿನ ಲೆನ್ಸ್ ತರಿಸಿಕೊಂಡು ಅಪರ್ಚರ್ ಪೂರ್ತಿ ತೆರೆದು, ಒಂದನ್ನು ಬಿಟ್ಟು ಉಳಿದದ್ದೆಲ್ಲ ಮಸುಕಾಗುವಂತೆ ತೆಗೆಯಲು ಶುರು ಮಾಡಿದೆ. ನಾನು ನಕ್ಕೆ. "ಎಲ್ಲಾ ಕಂಡ್ರೆ ಕಾಂಬುಕೆ ಎಂತ ಉಳಿತ್ತ್?" ಎಂದು ಕೇಳಿದೆ ನೀನು.

ಬೀಜಾಡಿಯ ಕಡಲದಂಡೆಯಲ್ಲಿ ನೀನು ತೆಗೆದ ಆ ಚಿತ್ರ ನೆನಪಿದೆಯೇ? ದೋಣಿಗೆ ಕಟ್ಟಿದ ಹಗ್ಗದ ಒಂದು ಗಂಟು ಮಾತ್ರ ಎಳೆಎಳೆಯಾಗಿ ಸ್ಪಷ್ಟ. ಹಿಂದೆ ಇಡೀ ಕಡಲು ಬರೀ ಬೆಳಕು. ಪ್ರಿಂಟ್ ಹಾಕಿಸಲು ನೀನು ನನಗೇ ಕೊಟ್ಟಿದ್ದೆ. ಪ್ರಿಂಟನ್ನು ನಾನು ಮನೆಗೆ ಒಯ್ದಿದ್ದೆ. ನನ್ನ ಹೆಂಡತಿ ಅಕ್ಕಿ ತೊಳೆಯುತ್ತಿದ್ದ ಕೈ ಒರೆಸಿಕೊಂಡು ಬಂದು ನೋಡಿದಳು, ನೋಡುತ್ತಲೇ ನಿಂತಳು. ಆಮೇಲೆ, "ಇದ್ ನಿಮ್ದಲ್ಲ, ಅಲ್ದಾ?" ಎಂದಳು.

ಇಷ್ಟು ವರ್ಷದ ನನ್ನ ಚಿತ್ರಗಳ ಮುಂದೆ ಅವಳು ಒಮ್ಮೆಯೂ ಹಾಗೆ — ಬಿಡು. ಹೊಟ್ಟೆ ಉರಿಯಿತು.

ಕಡಲ ಮರಳು, ಉಪ್ಪುಗಾಳಿ ಎಂದು ಫೋಟೋ ತೆಗೆಯುವ ನೀವು ಗೆಳೆಯರೆಲ್ಲ ಮಳೆಗಾಲಕ್ಕೆ ಮುಂಚೆ ಕ್ಯಾಮೆರಾಗಳನ್ನು ಧೂಳು ತೆಗೆಸಲು ನನ್ನಲ್ಲೇ ಬಿಟ್ಟುಹೋಗುತ್ತಿದ್ದಿರಿ. ನೀನೂ ಬಿಟ್ಟುಹೋದೆ. ನಾನು ಧೂಳು ತೆಗೆದೆ. ಆಮೇಲೆ ಲೆನ್ಸನ್ನು ಮುಟ್ಟದೆ, ಕ್ಯಾಮೆರಾದ ಮೆನುವಿನೊಳಗೆ, ಲೆನ್ಸಿನ ಫೋಕಸನ್ನು ಚೂರೇಚೂರು ಹಿಂದೆಮುಂದೆ ಮಾಡುವ ಜಾಗಕ್ಕೆ ಹೋಗಿ, ಹಿಂದಕ್ಕೆ ಸರಿಸಿದೆ. ನನ್ನಂತೆ ಅಪರ್ಚರ್ ಕಿರಿದು ಮಾಡಿ ತೆಗೆಯುವವನಿಗೆ ಅದು ಗೊತ್ತೇ ಆಗುವುದಿಲ್ಲ. ಪೂರ್ತಿ ತೆರೆದು ತೆಗೆಯುವ ನಿನಗೆ ಮಾತ್ರ, ಹಗ್ಗದ ಗಂಟು ಮಸುಕು, ಅದರಾಚೆಯ ಮರಳು ಸ್ಪಷ್ಟ.

ಲೆನ್ಸ್ ಕೆಟ್ಟಿತೆಂದು ನೀನು ಮೀನಿನ ಬಂದರು ಹಂಗಾರಕಟ್ಟೆಯಿಂದ ಓಡಿಬಂದೆ. ನಾನು ಅದನ್ನು ನನ್ನ ಕ್ಯಾಮೆರಾಕ್ಕೆ ಹಾಕಿ ನಿನ್ನ ಮುಖವನ್ನೇ ತೆಗೆದು ತೋರಿಸಿದೆ — ರೆಪ್ಪೆಯ ಒಂದೊಂದು ಕೂದಲೂ ಸ್ಪಷ್ಟ. "ಲೆನ್ಸ್ ಸಮಾ ಇತ್ತಲ್ದಾ?" ಎಂದೆ. ಅಷ್ಟೇ ಹೇಳಿದ್ದು. ಕ್ಯಾಮೆರಾ ನಾನೇ ನೋಡಿ ಕೊಟ್ಟದ್ದು, ಅದರ ಮೇಲೆ ನಿನಗೆ ಅನುಮಾನವೇ ಬರಲಿಲ್ಲ; ಉಳಿದದ್ದನ್ನು ನೀನೇ ಹೇಳಿಕೊಂಡೆ: "ಹಾಂಗಾರೆ ನನ್ ಕಣ್ಣೇ ಕೆಟ್ಟ್ ಹೋಯ್ತ್ ಮಾರಾಯಾ."

ಕುಂದಾಪುರದ ಕಣ್ಣಿನ ಡಾಕ್ಟರು ಏನೂ ಇಲ್ಲವೆಂದರೂ ನೀನು ನಂಬಲಿಲ್ಲ, ನಂಬಿದ್ದು ನನ್ನನ್ನು. ಲೆನ್ಸ್ ತಂದು ನನ್ನ ಕೈಗಿಟ್ಟು, "ನೀನೇ ಇಟ್ಕೋ, ನಂಗ್ ಬ್ಯಾಡ" ಎಂದೆ. ನಾನು — ತೆಗೆದುಕೊಂಡೆ. ಅದರಲ್ಲಿ ನಿನ್ನ ಹಾಗೆಯೇ ತೆಗೆಯಲು ಹೊರಟೆ. ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬಿಡಬೇಕು ಎಂಬುದೇ ನನಗೆ ತಿಳಿಯಲಿಲ್ಲ. ಆಮೇಲೂ ಬಾಯಿ ಬಿಡಲಿಲ್ಲ. ನೀನು ಕ್ಯಾಮೆರಾ ಮುಟ್ಟದೆ ಐದಾರು ವರ್ಷ ಆಗಿಹೋಯಿತು.

ನಾಳೆ ಲೆನ್ಸ್ ಹಿಡಿದು ಬರುತ್ತೇನೆ. ನಿನ್ನ ಕ್ಯಾಮೆರಾದಲ್ಲಿ ನಾನು ಸರಿಸಿದ್ದನ್ನು ನಿನ್ನೆದುರೇ ಸರಿಮಾಡುತ್ತೇನೆ. ನೀನು ಬೈಯಬಹುದು, ಬಾಗಿಲು ಹಾಕಬಹುದು. ಆದರೂ ಒಂದು ದಿನ ಮತ್ತೆ ಕಡಲ ಮುಂದೆ ನಿಲ್ಲುತ್ತೀಯ, ನನ್ನಿಂದ ಆಗದ್ದನ್ನು ತೆಗೆಯುತ್ತೀಯ. ಅದನ್ನು ನೋಡಿ ಆಗಲೂ ನನಗೆ ಹೊಟ್ಟೆ ಉರಿಯುತ್ತದೆ, ಸುರೇಂದ್ರ. ಉರಿಯಲಿ, ನೀನು ತೆಗೆ.