ರಾಯರ ತೊಡೆಯ ಮೇಲೆ ಹೊಸ ಆಲ್ಬಮ್

ಮದ್ರಾಸಿನ ಮೆಟಲ್ ಬ್ಯಾಂಡುಗಳಿಗೆಲ್ಲ ಸಂಗೀತ ಕಲಿಸಿದವನೇ ನಾನು. ಸುಳ್ಳು, ಅವರ ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದೆ, ಅಷ್ಟೇ.

ಎರಡು ಸಾವಿರದ ಇಸವಿಯ ಆಸುಪಾಸು. ಬೆಸೆಂಟ್ ನಗರದ ಒಂದು ಷೆಡ್ಡಿನಲ್ಲಿ ಅಂಥ ಒಂದು ಬ್ಯಾಂಡಿನ ಹುಡುಗರು ಹೊಸ ಆಲ್ಬಮ್ಮಿಗೆ ಅಭ್ಯಾಸ ನಡೆಸಿದ್ದರು. ಮೊದಲ ಆಲ್ಬಮ್ಮಿನಲ್ಲಿ ಬರೀ ಗುಡುಗು. ಇದರ ಒಂದು ಹಾಡಿನಲ್ಲಿ ಗಿಟಾರು ಏಳೇಳು ಎಣಿಕೆಯಲ್ಲಿ ಓಡಿ, ತಟ್ಟನೆ ನಿಂತು, ಪಿಸುಗುಟ್ಟುತ್ತಿತ್ತು. ನನಗಂತೂ ಮೈ ಜುಮ್ಮೆಂದಿತು. ಆದರೆ ಹಳೇ ಅಭಿಮಾನಿಗಳು "ಇದಕ್ಕೆ ತಲೆ ಕುಣಿಸೋಕೇ ಆಗಲ್ಲ" ಅಂದಿದ್ದರಿಂದ ಡ್ರಮ್ಮರ್ ಶ್ರೀಧರ ಆ ಹಾಡನ್ನೇ ಕೈಬಿಡಲು ಹೊರಟಿದ್ದ.

ಅಷ್ಟರಲ್ಲಿ ಗದ್ದಲಕ್ಕೆ ಬೈಯಲೆಂದು ಮನೆ ಮಾಲೀಕರಾದ ರಾಯರು ಬಂದರು.

"ಕೂತ್ಕೊಳ್ಳಿ ರಾಯರೇ, ನಿಮಗೆ ಕೇಳಿಸ್ಬೇಕು ಅಂತಾನೇ ಕಾಯ್ತಿದ್ರು" ಎಂದು ಬುರುಡೆ ಬಿಟ್ಟೆ.

ಅದೇ ಹಾಡು ಶುರುವಾಯಿತು. ರಾಯರ ಮುಖ ಗಂಟಿಕ್ಕಿಯೇ ಇತ್ತು, ಆದರೆ ಕೈ ಮಾತ್ರ ಸಂಗೀತ ಕಛೇರಿಯ ಮುಂದಿನ ಸಾಲಿನಲ್ಲಿ ಕೂತವರಂತೆ ತೊಡೆ ಮೇಲೆ ತಾಳ ಹಾಕತೊಡಗಿತು.

"ಏಳೆಣಿಕೆ, ನಮ್ಮ ಮಿಶ್ರಛಾಪು ತಾಳಾನೇ! ಸೊಗಸಾಗಿದೆ ಕಣೋ. ಕೊನೇ ಸುತ್ತಲ್ಲಿ ಮಾತ್ರ ಓಡಿಬಿಟ್ಟೆ. ಇನ್ನೊಂದ್ಸಲ ಬಾರಿಸು."

"ಸರಿ ಮಾಮಾ" ಎಂದ ಶ್ರೀಧರ, ಮತ್ತೆ ಕೋಲು ಹಿಡಿದ. ಆಲ್ಬಮ್ಮಿನ ಮೊದಲ ಹಾಡೇ ಅದಾಯಿತು.

ಇಷ್ಟೊಂದು ನಿಜ ಒಟ್ಟಿಗೆ ಹೇಳಿ ನನಗೆ ಅಭ್ಯಾಸವಿಲ್ಲ, ಗಂಟಲು ಒಣಗಿದೆ. ಈ ಟೀ ದುಡ್ಡು ನೀವೇ ಕೊಟ್ಟುಬಿಡಿ.