ಗುನಿಲ್ಲಾ ಅವರ ಗುಂಡಿನ ವೇಗ

ಆಗಸ್ಟ್ ಕೊನೆಯ ಒಂದು ಶನಿವಾರ. ಬೆಳಿಗ್ಗೆ ಒಂಬತ್ತಕ್ಕೆ ಫೋನ್‌ಗೆ ಮೆಸೇಜ್ ಬಂತು. "ಹತ್ತು ನಿಮಿಷ ಬಿಟ್ಟು ನಿನ್ನ ಮನೆ ಬಾಗಿಲು ತಟ್ಟಬಹುದಾ?"

ಕಳಿಸಿದವರು ಪಕ್ಕದ ಮನೆಯ ಗುನಿಲ್ಲಾ. ಅವರ ಬಾಗಿಲಿಂದ ನಮ್ಮ ಬಾಗಿಲಿಗೆ ಹದಿನೈದು ಹೆಜ್ಜೆ. (ಸ್ವೀಡನ್ನಿನ ಯೋನ್‌ಶೋಪಿಂಗ್‌ಗೆ ಬಂದು ಒಂಬತ್ತು ವರ್ಷ ಆದರೂ ನನಗೆ ಇದು ಅಭ್ಯಾಸವಾಗಿಲ್ಲ. ದಾವಣಗೆರೆಯಲ್ಲಿ ನಮ್ಮ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಲೇ ಇರಲಿಲ್ಲ. ಸೀದಾ ಅಡುಗೆಮನೆಗೇ ಬರುತ್ತಿದ್ದರು.)

ಸರಿಯಾಗಿ ಹತ್ತನೇ ನಿಮಿಷಕ್ಕೆ ಬಂದರು. ಎಪ್ಪತ್ತೊಂದು ವರ್ಷ. ನಿವೃತ್ತ ಸ್ಕೂಲ್ ಟೀಚರ್. ನನ್ನ ಸ್ವೀಡಿಷ್ ವ್ಯಾಕರಣವನ್ನು ಮುಖದ ಮೇಲೇ ತಿದ್ದುವ ಏಕೈಕ ವ್ಯಕ್ತಿ. ಕೈಯಲ್ಲೊಂದು ರಟ್ಟಿನ ಡಬ್ಬಿ.

"ನೀನು ಐಟಿಯಲ್ಲಿ ತಾನೇ ಇರೋದು?"

ಹೌದು ಅಂದೆ. ಈ ಪ್ರಶ್ನೆಯ ಹಿಂದೆ ಸಾಮಾನ್ಯವಾಗಿ ಕೆಟ್ಟುಹೋದ ಒಂದು ಪ್ರಿಂಟರ್ ಇರುತ್ತದೆ. ಆವತ್ತು ಇರಲಿಲ್ಲ.

"ಹಾಗಾದ್ರೆ ನನ್ನ ಜೊತೆ ಶೂಟಿಂಗ್ ರೇಂಜ್‌ಗೆ ಬಾ. ನಾನು ಗುಂಡು ಹೊಡೀತೀನಿ. ನೀನು ಫೋನ್ ನೋಡ್ಕೊಂಡ್ರೆ ಸಾಕು."

ಒಳಗೆ ದೋಸೆ ಹುಯ್ಯುತ್ತಿದ್ದ ನನ್ನ ಗಂಡ ಪ್ರಸಾದ್ ಸೌಟು ಹಿಡಿದೇ ಇಣುಕಿದ. "ಗುಂಡು ಅಂದ್ರಾ ಅವರು?" ಅಂತ ಕನ್ನಡದಲ್ಲಿ ಕೇಳಿದ. ಹೌದು ಅಂದೆ. "ಮಧ್ಯಾಹ್ನ ಊಟಕ್ಕೆ ಬರ್ತೀಯಲ್ಲ?" ಅಂದ. ಅಷ್ಟೇ. ಮದುವೆಯಾಗಿ ಹದಿಮೂರು ವರ್ಷವಾದರೆ ಹೀಗೇ.

ಮೊಟ್ಟೆಯನ್ನೂ ತಿನ್ನದ ನಾನು ಬೇಟೆಗಾರ್ತಿಯೊಬ್ಬರ ಜೊತೆ ಕಾರು ಹತ್ತಿದ್ದು ಯಾಕೆ? ಹೇಳುತ್ತೇನೆ.

ಇಲ್ಲಿ ಅಕ್ಟೋಬರ್ ಬಂತೆಂದರೆ ಮೂಸ್ ಬೇಟೆ. ಮೂಸ್ ಅಂದರೆ ನಮ್ಮ ಕಡವೆಯ ದೊಡ್ಡಣ್ಣ ಅಂದುಕೊಳ್ಳಿ, ಕುದುರೆಗಿಂತ ಎತ್ತರ. ಆಫೀಸಿನಲ್ಲಿ ಅರ್ಧ ಜನ ರಜೆ ಹಾಕುತ್ತಾರೆ. ಲೈಸೆನ್ಸ್, ಪರೀಕ್ಷೆ, ಎಷ್ಟು ಪ್ರಾಣಿ ಹೊಡೆಯಬಹುದು ಅನ್ನುವ ಲೆಕ್ಕ, ಎಲ್ಲ ಕಟ್ಟುನಿಟ್ಟು. ಗುನಿಲ್ಲಾ ಮೂವತ್ತೆಂಟು ವರ್ಷದಿಂದ ಒಂದೇ ಬೇಟೆ ತಂಡದಲ್ಲಿದ್ದಾರೆ. ತಮಗೆ ಬೇಕಾದ ತೋಟಾಗಳನ್ನು ಮನೆಯ ನೆಲಮಾಳಿಗೆಯಲ್ಲಿ ತಾವೇ ತಯಾರಿಸಿಕೊಳ್ಳುತ್ತಾರೆ. ಇದಕ್ಕೆ ರೀಲೋಡಿಂಗ್ ಅಂತ ಹೆಸರು. ಹೊಡೆದು ಖಾಲಿಯಾದ ಹಿತ್ತಾಳೆಯ ಕವಚವನ್ನು ಎತ್ತಿಟ್ಟುಕೊಂಡು ತೊಳೆದು, ಹೊಸ ಮದ್ದನ್ನು ತೂಕ ಮಾಡಿ ತುಂಬಿ, ಮೇಲೆ ಹೊಸ ಗುಂಡು ಕೂರಿಸುವುದು. ಉಪ್ಪಿನಕಾಯಿ ಅಂಗಡಿಯದಾದರೂ ಆಗುತ್ತೆ, ಆದರೆ ಮನೆಯಲ್ಲೇ ಹಾಕುವವರು ಹಾಕುತ್ತಾರಲ್ಲ, ಹಾಗೆ. ಕಲಿಸಿದವರು ಅವರ ಗಂಡ ಬರ್ಟಿಲ್. ಅವರು ತೀರಿಕೊಂಡು ಆರು ವರ್ಷ. ಅವರ ನೋಟ್‌ಬುಕ್ ನೋಡಿಕೊಂಡೇ ಗುನಿಲ್ಲಾ ಇವತ್ತಿಗೂ ಮದ್ದು ತೂಗುತ್ತಾರೆ.

ಕಳೆದ ವರ್ಷ ಅವರ ಗುಂಡು ತಪ್ಪಿತು.

ಪೂರ್ತಿ ತಪ್ಪಿದ್ದರೆ ಚಿಂತೆಯಿರಲಿಲ್ಲ. ಮೂಸ್‌ನ ಎದೆಗೆ ಬೀಳಬೇಕಾದದ್ದು ಹೊಟ್ಟೆಗೆ ಬಿತ್ತು. ಪ್ರಾಣಿ ಕಾಡಿನೊಳಗೆ ಓಡಿತು. ನಾಯಿ ಬಿಟ್ಟುಕೊಂಡು ಹುಡುಕಿದರು. ಸಿಕ್ಕಿದ್ದು ಮರುದಿನ ಮಧ್ಯಾಹ್ನ, ಇನ್ನೂ ಜೀವವಿತ್ತಂತೆ. ಇಲ್ಲಿನ ಬೇಟೆಗಾರರಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ಯಾರೂ ಬೈಯಲಿಲ್ಲ, ಆದರೆ ಗುನಿಲ್ಲಾ ಆಮೇಲೆ ತಿಂಗಳುಗಟ್ಟಲೆ ನಮ್ಮ ಬೇಲಿ ಹತ್ತಿರ ನಿಂತು ಮಾತಾಡಲಿಲ್ಲ. ನನ್ನ ಸ್ವೀಡಿಷ್ ತಪ್ಪಾದರೂ ತಿದ್ದಲಿಲ್ಲ. ನನಗೆ ಭಯವಾಗಿದ್ದು ಆಗಲೇ. ಬೇಸಿಗೆಯಲ್ಲಿ ಅವರು ತಂಡ ಬಿಡುತ್ತೇನೆ ಅಂದಾಗ ತಂಡದ ಮುಖ್ಯಸ್ಥರು ಅಂದರಂತೆ, "ಮೊದಲು ನಿನ್ನ ತೋಟಾ ಪರೀಕ್ಷೆ ಮಾಡಿಸು. ಆಮೇಲೆ ಬಿಡೋ ಮಾತು." ಮಾಲ್ಮೋದಲ್ಲಿರುವ ಮಗಳು ತಕ್ಷಣ ಒಂದು ಯಂತ್ರ ಕಳಿಸಿದಳು. ರಟ್ಟಿನ ಡಬ್ಬಿಯಲ್ಲಿದ್ದದ್ದು ಅದೇ.

ರಾಡಾರ್ ಕ್ರೋನೋಗ್ರಾಫ್. ಹೆಸರು ದೊಡ್ಡದು, ಸಾಮಾನು ಚಿಕ್ಕದು. ಕಪ್ಪು ಬಣ್ಣದ ಟಿಫಿನ್ ಡಬ್ಬಿಯ ಹಾಗಿದೆ. ರಸ್ತೆಯಲ್ಲಿ ಪೊಲೀಸರು ಕಾರಿನ ಸ್ಪೀಡ್ ಹಿಡಿಯುತ್ತಾರಲ್ಲ, ಅದೇ ವಿದ್ಯೆ. ಬಂದೂಕಿನ ಪಕ್ಕ ಇಟ್ಟರೆ, ಹಾರಿಹೋದ ಗುಂಡಿನ ವೇಗ ಸೆಕೆಂಡಿಗೆ ಎಷ್ಟು ಮೀಟರ್ ಅಂತ ಫೋನ್‌ನಲ್ಲಿ ತೋರಿಸುತ್ತದೆ. ಮೊದಲಿನ ಕಾಲದ ಯಂತ್ರಕ್ಕೆ ಎರಡು ಕಣ್ಣುಗಳಿದ್ದವು, ಗುಂಡು ಅವುಗಳ ಮೇಲಿಂದಲೇ ಹಾದುಹೋಗಬೇಕಿತ್ತು. ಬರ್ಟಿಲ್ ಸಾಲ ತಂದ ಅಂಥದ್ದೊಂದಕ್ಕೆ ನಾಲ್ಕನೇ ಗುಂಡಿನಲ್ಲಿ ತಾವೇ ಹೊಡೆದು ಅದನ್ನು ಮುಗಿಸಿದ್ದರಂತೆ.

"ಅಂದ್ರೆ ನಿಮ್ಮ ನೋಟ್‌ಬುಕ್‌ನಲ್ಲಿರೋ ವೇಗ?" ಅಂತ ಕೇಳಿದೆ.

"ಎಂಟುನೂರ ಇಪ್ಪತ್ತು. ಮೂರೇ ಗುಂಡಿನ ಲೆಕ್ಕ," ಅಂದರು ಗುನಿಲ್ಲಾ. ಕಾರು ಓಡಿಸುತ್ತಲೇ ಸ್ವಲ್ಪ ನಕ್ಕರು. ಎಷ್ಟೋ ತಿಂಗಳ ಮೇಲೆ.

ರೇಂಜ್ ಇರುವುದು ಊರಾಚೆ, ಪೈನ್ ಮರಗಳ ನಡುವೆ. ಮರದ ಒಂದು ಚಾವಡಿ, ಸಾಲಾಗಿ ಬೆಂಚು, ಕೆಂಪು ಬಾವುಟ. ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡು ಕೂತೆ. ಬ್ಲೂಟೂತ್ ಕನೆಕ್ಟ್ ಮಾಡಿದೆ. ಗುನಿಲ್ಲಾ ಕೆನ್ನೆಯನ್ನು ಬಂದೂಕಿಗೆ ಒತ್ತಿ ಗುರಿ ಹಿಡಿಯುತ್ತಿದ್ದರು. ಇನ್ನೂ ಹೊಡೆದೇ ಇರಲಿಲ್ಲ. ಫೋನ್‌ನಲ್ಲಿ ಬಂತು, ಒಂಬೈನೂರ ಹನ್ನೆರಡು.

"ಬಂತು," ಅಂದೆ.

"ಏನು ಬಂತು?"

ಪಕ್ಕದ ಬೆಂಚಿನವರು ಹೊಡೆದ ಗುಂಡನ್ನು ನಮ್ಮ ರಾಡಾರ್ ಲೆಕ್ಕಕ್ಕೆ ಹಿಡಿದಿತ್ತು. ಯಾರದೋ ಕೆಲಸ ಇನ್ಯಾರದೋ ಲೆಕ್ಕಕ್ಕೆ. (ಆಫೀಸ್ ನೆನಪಾಯಿತಾ? ನನಗೂ.) ಡಬ್ಬಿಯನ್ನು ನಮ್ಮ ಬಂದೂಕಿನ ಹತ್ತಿರಕ್ಕೆ ಸರಿಸಿದೆ, ಸೆಟ್ಟಿಂಗ್‌ನಲ್ಲಿ ಅದರ ಕಿವಿ ಸ್ವಲ್ಪ ಮಂದ ಮಾಡಿದೆ. ಆಮೇಲೆ ಸರಿಹೋಯಿತು.

ಹತ್ತು ಗುಂಡು ಹೊಡೆದರು. ಎಂಟುನೂರ ಹದಿನೆಂಟು, ಏಳುನೂರ ತೊಂಬತ್ತೇಳು, ಎಂಟುನೂರ ಇಪ್ಪತ್ತಾರು, ಏಳುನೂರ ಎಪ್ಪತ್ತೊಂಬತ್ತು... ಹೀಗೇ ಮೇಲೆ ಕೆಳಗೆ. ಅತಿ ನಿಧಾನದ ಗುಂಡಿಗೂ ಅತಿ ವೇಗದ ಗುಂಡಿಗೂ ನಲವತ್ತೇಳು ಮೀಟರ್ ಅಂತರ. ಪಕ್ಕದ ಬೆಂಚಿನವರು ಬಗ್ಗಿ ನೋಡಿ ತಲೆಯಾಡಿಸಿದರು. ಒಳ್ಳೆಯ ತೋಟಾ ಆದರೆ ಹತ್ತು ಹನ್ನೆರಡರ ಒಳಗಿರಬೇಕಂತೆ. "ಮದ್ದಿನ ತೂಕದಲ್ಲಿ ಎಡವಟ್ಟಾಗಿದೆ. ಇನ್ನು ಇವನ್ನ ಹೊಡೀಬೇಡ ಗುನಿಲ್ಲಾ. ಮದ್ದು ಜಾಸ್ತಿಯಾಗಿರೋದು ಒಂದಿದ್ರೂ ನಿನ್ನ ಮುಖಕ್ಕೇ ಅಪಾಯ," ಅಂದರು.

ನನಗೋ ಒಳಗೊಳಗೇ ಖುಷಿ. ಕಾರಣ ಸಿಕ್ಕಿತಲ್ಲ. ಕಾರಿನಲ್ಲಿ ಕೂತ ತಕ್ಷಣ ಫೋನ್ ಅವರ ಮುಂದೆ ಹಿಡಿದೆ. "ನೋಡಿ, ತಪ್ಪು ನಿಮ್ಮದಲ್ಲ. ಕಳೆದ ವರ್ಷ ಆಗಿದ್ದು ತೋಟಾದಿಂದ. ಇಲ್ಲಿ ನಂಬರೇ ಹೇಳ್ತಿದೆ."

(ಸ್ವೀಡಿಷ್‌ನಲ್ಲಿ 'ನೀವು' ಇಲ್ಲ, ಎಲ್ಲರೂ 'ದು', ಅಂದರೆ ನೀನು. ಆದರೆ ಆ ಹೆಂಗಸಿಗೆ ನನ್ನ ತಲೆಯೊಳಗಿನ ಕನ್ನಡ ಏಕವಚನ ಬಳಸಲು ಒಪ್ಪುವುದಿಲ್ಲ.)

ಗುನಿಲ್ಲಾ ಫೋನ್ ನೋಡಲಿಲ್ಲ. ಫ್ಲಾಸ್ಕಿನಿಂದ ಎರಡು ಕಪ್ ಕಾಫಿ ಬಗ್ಗಿಸಿದರು. ಒಂದನ್ನು ನನಗೆ ಕೊಟ್ಟರು.

"ವೇಗ ಕಮ್ಮಿಯಾದ್ರೆ ಗುಂಡು ಯಾವ ಕಡೆ ಹೋಗುತ್ತೆ?" ಟೀಚರ್ ದನಿ ವಾಪಸ್ ಬಂದಿತ್ತು.

ಯೋಚಿಸಿದೆ. "ಕೆಳಗೆ."

"ಎಷ್ಟು ಕೆಳಗೆ? ಆವತ್ತು ಮೂಸ್ ಇದ್ದದ್ದು ಎಪ್ಪತ್ತು ಮೀಟರ್ ದೂರದಲ್ಲಿ. ಅಷ್ಟು ದೂರಕ್ಕೆ ಈ ನಲವತ್ತೇಳರಿಂದ ಬರೋ ವ್ಯತ್ಯಾಸ ನನ್ನ ಕಿರುಬೆರಳಿನ ಅಗಲವೂ ಇಲ್ಲ. ನನ್ನ ಗುಂಡು ಕೆಳಗೆ ಹೋಗಲಿಲ್ಲ. ಹಿಂದಕ್ಕೆ ಹೋಯ್ತು. ಎರಡು ಗೇಣು ಹಿಂದಕ್ಕೆ, ಹೊಟ್ಟೆ ಕಡೆಗೆ. ಪ್ರಾಣಿ ಓಡ್ತಾ ಇತ್ತು, ಅದರ ಜೊತೆಗೇ ಬಂದೂಕು ತಿರುಗಿಸ್ತಾ ಇದ್ದ ಕೈನ ನಾನು ನಿಲ್ಲಿಸಿಬಿಟ್ಟೆ. ಮದ್ದು ಕೆಟ್ಟಿದೆ, ಅದನ್ನ ಸರಿ ಮಾಡ್ತೀನಿ. ಆದರೆ ಆ ಮೂಸ್ ರಾತ್ರಿಯೆಲ್ಲಾ ನರಳಿದ್ದು ಮದ್ದಿನಿಂದ ಅಲ್ಲ."

ನಾನು ಕಾಫಿ ಕುಡಿದೆ. ಫೋನ್ ಬ್ಯಾಗಿಗೆ ಹಾಕಿದೆ. ಅವರ ಕಣ್ಣಲ್ಲಿ ನೀರಿತ್ತು, ಕೈ ಮಾತ್ರ ಗಟ್ಟಿಯಾಗಿ ಸ್ಟಿಯರಿಂಗ್ ಹಿಡಿದಿತ್ತು.

ದಾರಿಯುದ್ದಕ್ಕೂ ನನ್ನದೇ ಒಂದು ವಿಷಯ ಒಳಗೆ ಕುಟುಕುತ್ತಿತ್ತು. ಹೇಳಲೇಬೇಕು, ಬರೆಯುವವರಿಗೆ ಬೇರೆ ತಪ್ಪೊಪ್ಪಿಗೆ ಕಟ್ಟೆ ಎಲ್ಲಿದೆ?

ಜೂನ್‌ನಲ್ಲಿ ನಮ್ಮ ಆಫೀಸಿನ ಒಂದು ಸಾಫ್ಟ್‌ವೇರ್ ರಿಲೀಸ್ ಮಗುಚಿಬಿತ್ತು. ಟೆಸ್ಟಿಂಗ್ ನನ್ನದು. ರಜೆಗೆ ಹೊರಡುವ ಗಡಿಬಿಡಿಯಲ್ಲಿ ಒಂದು ಟೆಸ್ಟ್ ನಾನು ಓಡಿಸಿರಲಿಲ್ಲ. ಮೀಟಿಂಗ್‌ಗೆ ಮುಂಚೆ ಗ್ರಾಫ್ ತೆರೆದರೆ, ಅದೇ ಹೊತ್ತಿಗೆ ನೆಟ್‌ವರ್ಕ್ ಕೂಡ ಸ್ವಲ್ಪ ನಿಧಾನವಾಗಿದ್ದು ಕಾಣಿಸಿತು. ಆ ಗ್ರಾಫನ್ನು ಸ್ಕ್ರೀನ್ ಮೇಲೆ ಹಾಕಿದೆ. ಸುಳ್ಳು ಹೇಳಲಿಲ್ಲ. ಬರೀ ಗ್ರಾಫ್ ಹಾಕಿ ಸುಮ್ಮನೆ ಕೂತೆ. ಬೆಂಗಳೂರಿನ ನೆಟ್‌ವರ್ಕ್ ಟೀಮಿನ ಮಹೇಶ್ ಇಡೀ ವೀಕೆಂಡ್ ಕೂತು ಇಲ್ಲದ ದೋಷ ಹುಡುಕಿದರು. ನಾನು ಆ ವೀಕೆಂಡ್ ಕೆರೆ ದಂಡೆಯಲ್ಲಿ ಸ್ಟ್ರಾಬೆರಿ ತಿನ್ನುತ್ತಿದ್ದೆ.

ರೇಂಜ್‌ಗೆ ಹೋಗಿಬಂದ ಮೇಲಿನ ಸೋಮವಾರ ಮ್ಯಾನೇಜರ್‌ಗೆ ನಿಜ ಹೇಳಿದೆ. ಆಮೇಲೆ ಮಹೇಶ್‌ಗೆ ಫೋನ್ ಮಾಡಿದೆ. ಗಂಟಲು ಸರಿಮಾಡಿಕೊಂಡು, ಪೀಠಿಕೆ ಹಾಕಿ, ಎಲ್ಲ ಒಪ್ಪಿಕೊಂಡು, ಸಾರಿ ಅಂದೆ.

"ಮೇಡಂ, ನಮಗೆ ಆ ಭಾನುವಾರವೇ ಗೊತ್ತಾಗಿತ್ತು," ಅಂದರು. "ನೀವಾಗೇ ಹೇಳ್ತೀರೇನೋ ಅಂತ ಸುಮ್ನಿದ್ವಿ."

ಎರಡು ತಿಂಗಳು! ಎರಡು ತಿಂಗಳು ಇಡೀ ಟೀಮ್ ನನ್ನ ಜೊತೆ ಕಾಲ್‌ನಲ್ಲಿ "ಗುಡ್ ಮಾರ್ನಿಂಗ್ ಮೇಡಂ" ಅನ್ನುತ್ತಿತ್ತು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಇತ್ತ ಗುನಿಲ್ಲಾ ನೆಲಮಾಳಿಗೆಯಲ್ಲಿ ಕಳ್ಳನನ್ನು ಹಿಡಿದರು. ಎರಡು ವರ್ಷದ ಹಿಂದೆ ತಂದ ಎಲೆಕ್ಟ್ರಾನಿಕ್ ತಕ್ಕಡಿ. ಒಂದೇ ಚಿಟಿಕೆ ಮದ್ದನ್ನು ಹತ್ತು ಸಲ ಇಟ್ಟರೆ ನಾಲ್ಕು ಥರ ತೂಕ ಹೇಳುತ್ತಿತ್ತು. ಪಕ್ಕದಲ್ಲೇ ಬಟ್ಟೆ ಒಣಗಿಸುವ ಮೆಷಿನ್, ಅದು ನಡುಗಿದಾಗಲೆಲ್ಲ ಇದೂ ನಡುಗುತ್ತಿತ್ತು. ಅದನ್ನು ಎತ್ತಿಟ್ಟು ಬರ್ಟಿಲ್ ಬಳಸುತ್ತಿದ್ದ, ಕರೆಂಟ್ ಬೇಡದ ಹಳೆಯ ಕಡ್ಡಿ ತಕ್ಕಡಿ ಇಳಿಸಿದರು. ಉಳಿದಿದ್ದ ತೋಟಾಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ, ಹೊಸ ಮದ್ದು ತೂಗಿ, ಮತ್ತೆ ತುಂಬಿದರು. ನಾನು ಮೆಟ್ಟಿಲ ಮೇಲೆ ಕೂತು ನೋಡಿದೆ. ಮಾತಾಡಿಸಿದರೆ ಉತ್ತರ ಕೊಡುವುದಿಲ್ಲ. ತೂಗುವಾಗ ಮಾತಿಲ್ಲ ಅನ್ನುವುದು ಆ ಕೋಣೆಯ ಕಾನೂನು.

ಸೆಪ್ಟೆಂಬರ್‌ನಲ್ಲಿ ಮತ್ತೆ ರೇಂಜ್‌ಗೆ ಹೋದೆವು. ಹತ್ತು ಗುಂಡು, ಅಂತರ ಹನ್ನೊಂದು. ಸರಾಸರಿ ಎಂಟುನೂರ ಹದಿನಾಲ್ಕು. ಗುನಿಲ್ಲಾ ನೋಟ್‌ಬುಕ್ ತೆರೆದು, ಗಂಡ ಬರೆದಿಟ್ಟ ಎಂಟುನೂರ ಇಪ್ಪತ್ತನ್ನು ಹೊಡೆದುಹಾಕದೆ, ಅದರ ಕೆಳಗೆ ಹೊಸ ಅಂಕಿ ಬರೆದರು. "ಆರು ಮೀಟರ್ ಜಂಬ," ಅಂದರು. "ಅವನೇ ಹಾಗೆ."

ಆಮೇಲೆ ನನ್ನನ್ನು ಪಕ್ಕದ ಅಂಕಣಕ್ಕೆ ಕರೆದುಕೊಂಡು ಹೋದರು. ಅಲ್ಲಿ ಹಳಿಯ ಮೇಲೆ ಮೂಸ್ ಆಕಾರದ ಒಂದು ಹಲಗೆ. ನಿಂತಿರುತ್ತದೆ, ಒಮ್ಮೆಗೇ ಓಡುತ್ತದೆ. ನಿಂತಾಗ ಗುನಿಲ್ಲಾ ಹೊಡೆದ ಎಂಟು ಗುಂಡೂ ಎದೆಗೇ ಬಿದ್ದವು. ಓಡುವಾಗ ಎಂಟರಲ್ಲಿ ಮೂರು ಹಿಂದಕ್ಕೆ ಸರಿದವು.

ಇಲ್ಲಿ ರಾಡಾರ್‌ಗೆ ಏನೂ ಕೆಲಸ ಇರಲಿಲ್ಲ. ನನಗೂ ಇರಲಿಲ್ಲ. ಅವರು ಹಲಗೆಯ ತೂತುಗಳನ್ನು ಬಹಳ ಹೊತ್ತು ನೋಡಿದರು.

"ಐವತ್ತು ವರ್ಷದವಳಿದ್ದಾಗ ಎಂಟೂ ಬೀಳ್ತಿತ್ತು," ಅಂದರು. "ಮೂರು ಅಂದ್ರೆ ಜಾಸ್ತಿ."

"ತಂಡ ಬಿಡ್ತೀರಾ?"

"ಯಾಕೆ ಬಿಡಲಿ? ನಿಂತಿರೋದಕ್ಕೆ ಹೊಡೀತೀನಿ. ಓಡೋದನ್ನ ಬಿಡ್ತೀನಿ."

ಎಷ್ಟು ಸಲೀಸು ನೋಡಿ. ಕಾಫಿಯಲ್ಲಿ ಸಕ್ಕರೆ ನಿಲ್ಲಿಸುವವರೂ ಇದಕ್ಕಿಂತ ಹೆಚ್ಚು ಭಾಷಣ ಮಾಡುತ್ತಾರೆ.

ಬೇಟೆ ಶುರುವಾದ ದಿನ ಸಂಜೆ ಅವರಿಂದ ಮೆಸೇಜ್ ಬಂತು. "ಹತ್ತು ನಿಮಿಷ ಬಿಟ್ಟು ಫೀಕಾಗೆ ಬಾ." ಫೀಕಾ ಅಂದರೆ ಕಾಫಿ, ದಾಲ್ಚಿನ್ನಿ ಬನ್ನು. ಹಸಿರು ಕೋಟು ಇನ್ನೂ ತೆಗೆದಿರಲಿಲ್ಲ. ಕಾಲಿನ ಬೂಟಿಗೆ ಪಾಚಿ ಮೆತ್ತಿಕೊಂಡಿತ್ತು.

ಬೆಳಿಗ್ಗೆ ಹತ್ತರ ಹೊತ್ತಿಗೆ ದೊಡ್ಡದೊಂದು ಗಂಡು ಮೂಸ್ ಅವರ ಮುಂದೆಯೇ ಬಂತಂತೆ. ಅರವತ್ತು ಮೀಟರ್. ಓಡುತ್ತಿತ್ತು. ಬಂದೂಕು ಎತ್ತಿದರು, ಅದರ ಜೊತೆಗೇ ತಿರುಗಿಸಿದರು, ಬೆರಳು ಟ್ರಿಗರ್ ಮೇಲಿತ್ತು. ಅದು ನಿಲ್ಲಲಿಲ್ಲ. ಇವರು ಬಂದೂಕು ಇಳಿಸಿದರು. ಮೂಸ್ ತೊರೆ ದಾಟಿ, ಪಕ್ಕದ ತಂಡದ ಗಡಿಯೊಳಗೆ ಹೋಗಿಬಿಟ್ಟಿತು. ಇವರ ತಂಡಕ್ಕೆ ಆವತ್ತು ಏನೂ ಸಿಗಲಿಲ್ಲ.

"ಉಳಿದವರು ಏನಂದ್ರು?"

"ರೇಡಿಯೋದಲ್ಲಿ ಕೇಳಿದ್ರು, ಯಾಕೆ ಗುಂಡಿನ ಸದ್ದು ಬರಲಿಲ್ಲ ಅಂತ. ನನ್ನ ಕೈಲಿ ಆಗ್ತಿರಲಿಲ್ಲ ಅಂದೆ."

"ಅಷ್ಟೇನಾ?"

"ಅಷ್ಟೇ. ಮುಖ್ಯಸ್ಥರು 'ಸರಿ' ಅಂದ್ರು. ಆಮೇಲೆ ಎಲ್ಲಾ ಸೇರಿ ಬೆಂಕಿ ಹಾಕಿ ಸಾಸೇಜ್ ಸುಟ್ಟುಕೊಂಡು ತಿಂದ್ವಿ." ಇಷ್ಟು ಹೇಳಿ ಅವರು ಎರಡನೇ ಬನ್ನಿಗೆ ಕೈ ಹಾಕಿದರು. ನಾನು 'ಧೈರ್ಯ ಬೇಕು ಅದಕ್ಕೆ' ಅಂತ ಏನೋ ಹೇಳಹೋದೆ. ಅವರು ನನ್ನ ಕ್ರಿಯಾಪದ ತಿದ್ದಿದರು.

ಈಗ ನೀವು ಹೇಳಿ. ಎಲ್ಲರೂ ನಂಬಲು ಸಿದ್ಧವಿರುವ ಒಂದು ಒಳ್ಳೆಯ ನೆಪ ಕೈಗೆ ಸಿಕ್ಕಾಗ, ಬೇಡ ಅಂತ ವಾಪಸ್ ಕೊಟ್ಟ ಕೊನೆಯ ದಿನ ನಿಮಗೆ ನೆನಪಿದೆಯಾ?