ಬೈಸಿಕೊಂಡ ಪಂಚಮಿ

ಆಗೆಲ್ಲ ಆಟ ಮುಗಿದ ಮೇಲೆ ಯಾರೂ ಚಪ್ಪಾಳೆ ತಟ್ಟುತ್ತಿರಲಿಲ್ಲ. ಬೈಯುತ್ತಿದ್ದರು. ಸೋತರೂ ಬೈಗುಳ, ಗೆದ್ದರೂ ಬೈಗುಳ. ಗೆದ್ದಾಗ ಬೈಗುಳದ ಜೊತೆ ಒಂದು ಚೂರು ಬೆಲ್ಲ ಸಿಗುತ್ತಿತ್ತು, ಅಷ್ಟೇ ವ್ಯತ್ಯಾಸ. ಬಯಲಿನಲ್ಲಿ ಹುತುತು ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಗ ಅದಕ್ಕೆ ಕಬಡ್ಡಿ ಅನ್ನುತ್ತಾರೆ, ಟಿವಿಯಲ್ಲಿ ಬರುತ್ತದೆ, ಆಡುವವರು ಬೂಟು ಹಾಕಿಕೊಂಡಿರುತ್ತಾರೆ.

ನನಗೆ ಇದು ನೆನಪಾಗುವುದು ಅಮೆರಿಕದಲ್ಲಿ, ಮಗಳ ಮನೆ ಇರುವ ಓಲ್ಡ್ ಬ್ರಿಡ್ಜ್ ಅನ್ನುವ ಊರಲ್ಲಿ, ಪಕ್ಕದ ಮನೆಯ ಪ್ಯಾಟ್‌ನ ಗ್ಯಾರೇಜಿನಲ್ಲಿ. ಪ್ಯಾಟ್ ಐರ್ಲೆಂಡಿನ ಮುದುಕ. ಅವನ ದೇಶದಲ್ಲಿ ಕಾಲಲ್ಲಿ ಒದ್ದು ಕೈಯಲ್ಲೂ ಹಿಡಿದು ಆಡುವ ಒಂದು ಚೆಂಡಾಟ ಇದೆ. ನಮ್ಮಲ್ಲಿ ತಾಲೂಕು ಇದ್ದ ಹಾಗೆ ಅವರಲ್ಲಿ ಕೌಂಟಿ, ಕೌಂಟಿಗೊಂದು ತಂಡ. ಬೇಸಿಗೆಯ ಭಾನುವಾರ ಬೆಳಿಗ್ಗೆ ಅಲ್ಲಿಯ ಮ್ಯಾಚು ಇಲ್ಲಿ ಟಿವಿಗೆ ಬರುತ್ತದೆ. ಗ್ಯಾರೇಜಿನ ಬಾಗಿಲು ಮೇಲೆತ್ತಿ, ಮಡಿಚುವ ಕುರ್ಚಿ ಹಾಕಿ, ಅವನಂಥವೇ ನಾಲ್ಕಾರು ಬಿಳಿ ತಲೆಗಳು ಸೇರುತ್ತವೆ. ಮ್ಯಾಚು ಮುಗಿದ ಕೂಡಲೇ ಟಿವಿ ಆರಿಸಿ, ಕಡು ಚಹಾ ಸುರಿದುಕೊಂಡು, ತಮ್ಮ ತಮ್ಮ ಕೌಂಟಿಯ ಹುಡುಗರನ್ನು ಒಬ್ಬೊಬ್ಬರನ್ನಾಗಿ ಎತ್ತಿಕೊಂಡು ಜಾಡಿಸುತ್ತಾರೆ. ನಾನು ಒಂದು ಡಬ್ಬಿ ಗಿರ್ಮಿಟ್ ಹಿಡಿದು ಹೋಗಿ ಕೂರುತ್ತೇನೆ. ನನ್ನ ಮೊಮ್ಮಗಳು ಮೀರಾ ಪ್ಯಾಟ್‌ನ ಮೊಮ್ಮಗಳ ಜೊತೆ ಅದೇ ಆಟ ಆಡುತ್ತಾಳೆ. ಮೀರಾ ಪಕ್ಕ ಕೂತು ನನ್ನ ಕಿವಿಯಲ್ಲಿ ಅವರ ಮಾತಿನ ಅರ್ಥ ಹೇಳುತ್ತಾಳೆ. ಅದರಲ್ಲಿ ಅರ್ಧ ಬೇಕಾಗಿಯೇ ಇಲ್ಲ. ಭಾಷೆ ಬರದಿದ್ದರೂ ಬೈಗುಳ ತಿಳಿಯುತ್ತದೆ.

ನಾನು ಹೇಳಹೊರಟಿದ್ದು ಒಂದು ನಾಗರಪಂಚಮಿಯ ಮಾತು. ನನಗಾಗ ಒಂಬತ್ತೋ ಹತ್ತೋ.

ನಮ್ಮ ಊರು ಹೊಳೆಯ ದಂಡೆಯಲ್ಲಿತ್ತು. ಅಣೆಕಟ್ಟು ಕಟ್ಟಿದರು, ಊರು ಮುಳುಗಿತು, ಜನ ದಿಕ್ಕಿಗೊಬ್ಬರಾದರು. ನಾವು ಮೊದಲು ಸೋದರಮಾವನ ಮನೆಯ ಪಡಸಾಲೆಯಲ್ಲಿದ್ದೆವು, ಆಮೇಲೆ ಸರಕಾರದ ತಗಡಿನ ಶೆಡ್ಡಿನಲ್ಲಿ, ಕಡೆಗೆ ಗುರುತಿಲ್ಲದ ಒಂದು ಊರಿನ ಅಂಚಿನಲ್ಲಿ ಎರೆಹೊಲ ಕೊಟ್ಟರು, ಅಲ್ಲಿ ಮನೆ ಹಾಕಿದೆವು.

ಆ ಊರಿನವರು ನಮ್ಮನ್ನು ಮುಳುಗಡೆಯವರು ಅಂದರು. ಕೆಟ್ಟ ಜನ ಅಲ್ಲ. ತೊಂದರೆ ಇದ್ದದ್ದೇ ಅದು. ವಿಪರೀತ ಮರ್ಯಾದೆ. ಬಾವಿಗೆ ಹೋದರೆ ತಮ್ಮ ಕೊಡ ಸರಿಸಿ "ಮೊದಲ ನೀವು ತುಂಬಿಕೊಳ್ರಿ" ಅನ್ನುವರು. ನನ್ನಂಥ ಲಂಗದ ಹುಡುಗಿಗೂ 'ರಿ'. ಜೋಕಾಲಿಯಲ್ಲಿ ನನ್ನನ್ನೇ ಮೊದಲು ಕೂರಿಸುವರು, ಆದರೆ ಗಾಜಿನ ಬಳೆ ಇಟ್ಟು ತೂಗಿದ ಹಾಗೆ ಮೆಲ್ಲಗೆ ತೂಗುವರು. ನಮ್ಮ ಎಮ್ಮೆ ಪಕ್ಕದ ಮನೆಯ ನಿಂಗವ್ವನ ಹಿತ್ತಿಲು ಹೊಕ್ಕು ಬದನೆ ತಿಂದಿತು. ನಿಂಗವ್ವ ಎಮ್ಮೆಯನ್ನು ಹೊಡೆದುಕೊಂಡು ಬಂದು ನಮ್ಮ ಗೂಟಕ್ಕೆ ಕಟ್ಟಿ, "ಇರ್ಲಿ ಬಿಡ್ರಿ" ಅಂದು ಹೋದಳು.

ಅವ್ವ ಅವತ್ತು ಒಲೆಯ ಮುಂದೆ ಕೂತು ಹೇಳಿದಳು: "ನಮ್ಮೂರಾಗ ಆಗಿದ್ರ ಇಷ್ಟೊತ್ತಿಗೆ ನನ್ನ ಏಳು ತಲಿ ಎಣಿಸಿ ಬೈತಿದ್ರು. ಇಕಿ ಬಿಡ್ರಿ ಅಂತಾಳ. ನಾವೇನ್ ಇಕಿ ಮನಿಗೆ ಬಂದ ಬೀಗರೇನು?"

ಅಪ್ಪನಿಗೆ ಸಾಕಾಗಿತ್ತು. "ಜಗಳಾ ತಗ್ಯಾಕ ಒಬ್ಬ ಇಲ್ಲ ಈ ಊರಾಗ. ಯಾರ ಜೋಡಿ ಬಾಳೇ ಮಾಡೂದು? ಪಂಚಮಿ ಮುಗೀಲಿ, ದಾವಣಗೇರಿ ಮಿಲ್ಲಿಗೆ ಹೋಗೂನು. ಅಲ್ಲಿ ಎಲ್ಲಾರೂ ಬ್ಯಾರೆ ಊರಾವ್ರ."

"ಮುಳುಗಿದ ಮ್ಯಾಲೆ ಮೂರ ಒಲಿ ಹಾಕೀನಿ," ಅಂದಳು ಅವ್ವ. "ನಾಲ್ಕನೇದ ಹಾಕಾಕ ನನ್ನ ಕೈಲೆ ಆಗೂದಿಲ್ಲ."

ಅಪ್ಪ ಎದ್ದ. ಹೆಚ್ಚಿನ ಪಾತ್ರೆಗಳನ್ನು ಹಳೆಯ ಕೌದಿಯಲ್ಲಿ ಗಂಟು ಕಟ್ಟಿ ಮೂಲೆಗೆ ಇಟ್ಟ. ಅವ್ವ ಆ ಮೂಲೆಯ ಕಡೆ ನೋಡದೆ ಓಡಾಡುತ್ತಿದ್ದಳು.

ನನ್ನ ಅಣ್ಣ ಯಮನೂರ. ಹೊಳೆಯ ಉಸುಕಿನಲ್ಲಿ ಹುತುತು ಆಡಿ ಬೆಳೆದವನು, ಮೀಸೆ ಚಿಗುರುವ ವಯಸ್ಸು. ಆ ವರ್ಷ ಊರಿನ ತಂಡದಲ್ಲಿ ಒಬ್ಬನಿಗೆ ಜ್ವರ ಬಂತು, ಇವನನ್ನು ಸೇರಿಸಿಕೊಂಡರು. ತಂಡ ಗರಡಿಮನೆಯ ವಸ್ತಾದ ಬಾಳಪ್ಪಜ್ಜನ ಕೈಯಲ್ಲಿತ್ತು. ಆಟ ಆದ ಸಂಜೆ ಆಡಿದವರೆಲ್ಲ ಗರಡಿಯ ಮುಂದೆ ನೆಲದ ಮೇಲೆ ಕೂರಬೇಕು. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಮಕ್ಕಳು ಗೋಡೆಯ ಮಗ್ಗುಲಿಗೆ. ಅಜ್ಜ ಒಬ್ಬೊಬ್ಬನ ಹೆಸರು ಹಿಡಿದು ಬೈಯುವನು, ಉಳಿದವರು ಅದಕ್ಕೆ ಖಾರ ಹಚ್ಚುವರು. ತೀರ ಕೆಟ್ಟದಾಗಿ ಆಡಿದವನಿಗೆ ಗರಡಿಯ ಕಸ ಹೊಡೆಯುವ ಶಿಕ್ಷೆ.

ಮೊದಲ ಆಟದಲ್ಲಿ ಯಮನೂರ ಹೋದ ಹೋದ ಸಲವೂ ಸಿಕ್ಕಿಬಿದ್ದ. ಸಂಜೆ ಬಾಳಪ್ಪಜ್ಜ ಇವನ ಹತ್ತಿರ ಬಂದಾಗ ದನಿ ತಗ್ಗಿಸಿದ. "ಚಲೋ ಆಡಿದ್ರಿ ತಮ್ಮಾ. ಹೊಸಬ್ರು ನೀವು, ನಡೀತೈತಿ." ಅಷ್ಟೆ. ಮುಂದಿನವನಿಗೆ ಹೋಗಿ ಮತ್ತೆ ಗುಡುಗಿದ.

ಯಮನೂರ ಮನೆಗೆ ಬಂದು ರೊಟ್ಟಿ ಮುಟ್ಟಲಿಲ್ಲ. "ಎಲ್ಲಾರಿಗೂ ಲೇ ಅಂದ. ನನಗ ರಿ ಅಂದ."

"ನಾ ಹೇಳಿದ್ದಿಲ್ಲೇನು?" ಅಂದ ಅಪ್ಪ.

ಪಂಚಮಿಯ ಮಾರನೆಯ ದಿನ ತಾಲೂಕಿನ ಕಡೆಯ ಆಟ, ಸಂತೆಬಯಲಿನಲ್ಲಿ. ಎದುರಿಗೆ ಹಳ್ಳದಾಚೆಯ ಊರಿನವರು. ರಾತ್ರಿಯ ಮಳೆಗೆ ಎರೆಮಣ್ಣು ಒದ್ದೆಯಾಗಿ ವಾಸನೆ ಬರುತ್ತಿತ್ತು. ನನ್ನ ಉಡಿಯಲ್ಲಿ ಜೋಳದ ಅಳ್ಳು, ಒಂದು ಕೈಯಲ್ಲಿ ಶೇಂಗಾದ ಉಂಡೆ. ಎದುರು ತಂಡ ಬಯಲಿಗೆ ಇಳಿದಾಗ ಉಂಡೆ ಬಾಯಿಯಲ್ಲೇ ನಿಂತಿತು. ಅವರೊಳಗೆ ಹುಸೇನಿ ಇದ್ದ. ಮುಳುಗಿದ ನಮ್ಮ ಊರಿನವನೇ, ಯಮನೂರನ ಜೀವದ ಗೆಳೆಯ. ಅವರ ಮನೆಯವರಿಗೆ ಹಳ್ಳದಾಚೆ ನೆಲ ಸಿಕ್ಕಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಹಲ್ಲು ಕಿರಿದರು. ಆ ನಗುವನ್ನು ಇಡೀ ಬಯಲು ನೋಡಿತು.

ಕಡೆಯ ಗಳಿಗೆಯಲ್ಲಿ ಎರಡೂ ಕಡೆ ಸರಿಸಮ. ಹುಸೇನಿ ದಮ್ಮು ಹಿಡಿದು ಹುತುತುತು ಅನ್ನುತ್ತ ನಮ್ಮ ಕಡೆ ನುಗ್ಗಿದ, ಒಬ್ಬನನ್ನು ಮುಟ್ಟಿದ, ತಿರುಗಿದ. ಯಮನೂರ ಹಿಂದಿನಿಂದ ಹಾರಿ ಅವನ ನಡ ಹಿಡಿದ. ಹಿಡಿದದ್ದನ್ನು ಎಲ್ಲರೂ ಕಂಡರು. ಹುಸೇನಿ ಒಮ್ಮೆ ಕುಸಿದು ಒಮ್ಮೆ ತಿರುಚಿಕೊಂಡ, ಮೀನು ಜಾರಿದ ಹಾಗೆ ಜಾರಿ ಗೆರೆ ದಾಟಿದ. ಸೋತೆವು.

ವಾಪಸ್ ಬರುವಾಗ ಗಾಡಿಯಲ್ಲಿ ಯಾರೂ ನಮ್ಮ ಜೊತೆ ಮಾತಾಡಲಿಲ್ಲ. ಸರಿದು ಜಾಗ ಮಾತ್ರ ಕೊಟ್ಟರು. ಮನೆಗೆ ಬಂದ ಅಪ್ಪ ಮೂಲೆಯ ಗಂಟಿಗೆ ಇನ್ನೊಂದು ಹಗ್ಗ ಬಿಗಿದ.

"ಬೇಕಂತ ತಮ್ಮವ್ರಿಗೆ ಬಿಟ್ಟುಕೊಟ್ರು ಅಂತಾರ. ಇಲ್ಲಾ ಇರ್ಲಿ ಬಿಡ್ರಿ ಅಂತಾರ. ಯಾವ್ದ ಅಂದ್ರೂ ನಾಳೆ ಗಾಡಿ ಕಟ್ಟೂದ."

ಸಂಜೆ ಗರಡಿಯ ಮುಂದೆ ಎಲ್ಲರೂ ಸೇರಿದರು. ಬಾಳಪ್ಪಜ್ಜ ಶುರು ಮಾಡಿದ. ಒಬ್ಬನ ತೊಡೆ ಬಾಳೆದಿಂಡು ಅಂದ. ಒಬ್ಬನ ದಮ್ಮಿಗಿಂತ ಮುದುಕಿಯ ಕೆಮ್ಮು ಉದ್ದ ಅಂದ. ಸಾಲಿನಲ್ಲಿ ಯಮನೂರನ ತನಕ ಬಂದು, ಅವನನ್ನು ನೋಡಿ, ಬಿಟ್ಟು ಮುಂದಿನವನಿಗೆ ಹೋದ. ಅವ್ವ ನನ್ನ ರಟ್ಟೆ ಹಿಡಿದಿದ್ದಳು. ಉಗುರು ಒಳಗೆ ಇಳಿಯಿತು.

ಕಿರಾಣಿ ಅಂಗಡಿಯ ಚನ್ನಪ್ಪ ಕಟ್ಟೆಯ ಮೇಲಿಂದ ಕೆದಕಿದ. "ಎಲ್ಲಾರಿಗೂ ಅಂದಿ ಅಜ್ಜಾ, ಹಿಡಿದಾವ ಬಿಟ್ಟಿದ್ದಕ್ಕ ಏನೂ ಅನವಲ್ಲಿ. ಆ ಹುಡುಗ ಇವರ ಊರಾವಂತ. ಬೇಕಂತ ಬಿಟ್ರು ಅಂತಾರ ಮಂದಿ."

ಅಜ್ಜ ಬಾಯಿಯ ಎಲೆ ಅಡಿಕೆ ಉಗುಳಿ ಮೀಸೆ ಒರೆಸಿಕೊಂಡ.

"ಬೇಕಂತ ಬಿಟ್ನಾ? ಬೇಕಂತ ಬಿಡಾಕ ತಲ್ಯಾಗ ಬುದ್ಧಿ ಬೇಕಲೇ ಚನ್ನ್ಯಾ. ಇವಗ ಎಲ್ಲೈತಿ?" ಅಂದವನೇ ತಿರುಗಿ ಗುಡುಗಿದ. "ಏ ಯಮನ್ಯಾ! ಎದ್ದ ನಿಂದರಲೇ ಕತ್ತಿ!"

ಯಮನೂರ ಎದ್ದು ನಿಂತ.

"ಉಸುಕಿನ್ಯಾಗ ಇಬ್ರೂ ಕೂಡಿ ಆಡೀರಿ ಹೌದಲ್ಲೋ?"

"ಹೌದ ಅಜ್ಜಾ."

"ನಿನ್ನ ಪಟ್ಟು ಅವಗ ಬಾಯಿಪಾಠ ಐತಿ ಹೌದಲ್ಲೋ?"

"ಹೌದ್ರಿ."

"ಮತ್ತ ಅದ ಹಳೇ ಪಟ್ಟ ಯಾಕ ಹಾಕಿದಿ? ನಡಾ ಹಿಡೀತಾನಂತ ನಡಾ! ಅಂವೇನ್ ನೀ ಕಟಗೊಂಡ ಹೇಣ್ತೇನಲೇ? ಕಾಲ ಹಿಡೀಬೇಕು, ಕಾಲ! ನಮ್ಮೂರ ಹುಡುಗ್ರು ಕಾಲ ಹಿಡೀತಾರ. ನಮ್ಮೂರ ಮಾನಾ ಕಳದಿ, ಖೋಡಿ. ನಾಳಿಂದ ದೀಪಾವಳಿ ತನಕಾ ಗರಡಿ ಕಸಾ ನಿಂದ. ಒಂದ ದಿನ ತಪ್ಪಿಸು, ಚರ್ಮಾ ಸುಲೀತೀನಿ."

ಕಟ್ಟೆ ಗೊಳ್ಳೆಂದು ನಕ್ಕಿತು. ಬಾಗಿಲು ತೆಗೆದ ಹಾಗಾಯಿತು. ಎಲ್ಲರೂ ಯಮನೂರನ ಮೇಲೆ ಬಿದ್ದರು. ಕಣ್ಣು ಎಲ್ಲಿಟ್ಟಿದ್ದಿ ಅಂದರು, ಕೈಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದೇನು ಅಂದರು. ಅಪ್ಪನನ್ನೂ ಬಿಡಲಿಲ್ಲ.

"ಇವರಪ್ಪ ಎಲ್ಲದಾನ? ಏನಲೇ, ಮಗಗ ಹಾಲ ಕುಡಸ್ತೀಯೋ ನೀರ ಕುಡಸ್ತೀಯೋ?" ಅಂದ ಅಜ್ಜ.

ಅಪ್ಪ ತಲೆ ಕೆರೆದುಕೊಂಡ. "ಎಮ್ಮಿ ಗಬ್ಬ ಐತಿ ಅಜ್ಜಾ."

"ಹಂಗಾದ್ರ ಚನ್ನ್ಯಾನ ಮನ್ಯಾಗಿಂದ ತಗೊಂಡ ಹೋಗು. ಬಾಯಿ ಬಾಳ ಐತಿ ಅವಂದು, ಹಾಲೂ ಕೊಡ್ಲಿ."

ಚನ್ನಪ್ಪ ಗೊಣಗಿದ. ಆದರೂ ಎಮ್ಮೆ ಈಯುವ ತನಕ ದಿನಾ ಒಂದು ಚರಿಗೆ ಹಾಲು ಬಂತು.

ಮನೆಗೆ ಬಂದ ಅವ್ವ ಅಪ್ಪನನ್ನು ಕೇಳಲೂ ಇಲ್ಲ. ಕೂತು ಗಂಟು ಬಿಚ್ಚಿದಳು. ಹಗ್ಗ ಬಿಗಿಯಾಗಿತ್ತು, ಹಲ್ಲಿನಲ್ಲಿ ಕಚ್ಚಿ ಬಿಚ್ಚಿದಳು. ದೊಡ್ಡ ಬೋಗುಣಿ ಹೊರಗೆ ತೆಗೆದು ಹಿಟ್ಟು ನಾದಿದಳು. ಯಮನೂರ ಶೇಂಗಾ ಚಟ್ನಿ ಹಚ್ಚಿಕೊಂಡು ಬುಟ್ಟಿಯ ರೊಟ್ಟಿ ಖಾಲಿ ಮಾಡಿದ. ಅಪ್ಪ ಒಂದೇ ಮಾತು ಅಂದ.

"ಒಲಿ ಹೊಗಿ ಹೋಗವಲ್ದು. ನಾಳೆ ಮಾಳಿಗಿಗೆ ಒಂದ ಬೆಳಕಿಂಡಿ ತಗೀತೀನಿ."

ಮರುದಿನ ಎಮ್ಮೆ ಮತ್ತೆ ನಿಂಗವ್ವನ ಹಿತ್ತಿಲು ಹೊಕ್ಕಿತು. ನಿಂಗವ್ವ ಬೀದಿಯಲ್ಲೇ ನಿಂತು ನನ್ನನ್ನು ಕೂಗಿದಳು. "ಏ ಗಂಗೀ! ನಿಮ್ಮವ್ವಗ ಹೇಳ, ಇನ್ನೊಮ್ಮೆ ಬಂದ್ರ ಅದರ ಕೊಂಬ ಮುರೀತೀನಿ! ತಿನ್ನೂದ ನನ್ನ ಬದನಿಕಾಯಿ, ಈದ ಮ್ಯಾಲೆ ಹಾಲ ಕುಡ್ಯಾವ್ರ ನೀವು!"

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದಳು. "ಬೇಲಿ ಕಟ್ಟಾಕ ಬರೂದಿಲ್ಲೇನ ನಿನಗ?"

ಬಿಸಿಲು ಏರುವ ತನಕ ಇಬ್ಬರೂ ಬೈದಾಡಿದರು. ಮಧ್ಯಾಹ್ನ ಒಂದೇ ಒರಳಿನಲ್ಲಿ ಖಾರ ಕುಟ್ಟಿದರು. ಊರು ಮುಳುಗಿದ ಮೇಲೆ ಅವ್ವನ ಮುಖ ಅಷ್ಟು ಹಗುರಾಗಿದ್ದನ್ನು ನಾನು ಕಂಡದ್ದು ಅವತ್ತೇ. ಸಂಜೆ ಜೋಕಾಲಿಯಲ್ಲಿ ಹುಡುಗಿಯರು ನನ್ನನ್ನು ಸರದಿಯಲ್ಲಿ ಕಡೆಗೆ ನಿಲ್ಲಿಸಿದರು, ಆಮೇಲೆ ಬೇವಿನ ಟೊಂಗೆ ಮುಟ್ಟುವ ಹಾಗೆ ಜೀಕಿದರು. ನಾನು ಕಿರುಚಿದೆ. ಯಾರೂ ನಿಲ್ಲಿಸಲಿಲ್ಲ.

ಕಳೆದ ಭಾನುವಾರ ಪ್ಯಾಟ್‌ನ ಕೌಂಟಿ ಒಂದೇ ಒಂದು ಪಾಯಿಂಟಿನಲ್ಲಿ ಬದುಕಿಕೊಂಡಿತು. ಗ್ಯಾರೇಜಿನಲ್ಲಿ ಎಲ್ಲರೂ ದೊಡ್ಡ ಉಸಿರು ಬಿಟ್ಟರು, ಆಮೇಲೆ ಗೆದ್ದ ಹುಡುಗರನ್ನೇ ಬೈಯಲು ಕೂತರು. ಪ್ಯಾಟ್ ನನ್ನ ಕಡೆ ತಿರುಗಿ, ಯಾವಾಗಲೂ ಕೇಳುವ ಮರ್ಯಾದೆಯಿಂದ, ನಿಮಗೇನನ್ನಿಸಿತು ಅಂತ ಕೇಳಿದ. ಯಾವಾಗಲೂ ನಾನು "ಗುಡ್, ಗುಡ್" ಅನ್ನುತ್ತೇನೆ. ಅವತ್ತು ಬಾಯಿ ತಡೆಯಲಿಲ್ಲ.

"ಆ ಹಿಂದಿನ ಹುಡುಗ ಬರೇ ಕೈ ಬೀಸ್ತಾನ. ಕಾಲ ಹಿಡೀಬೇಕಿತ್ತು. ಹೇಳ ಮೀರಾ ಅವಗ."

ಮೀರಾ ಹೇಳಿದಳು. ಪ್ಯಾಟ್‌ನ ಮುಖ ಕೆಂಪಾಯಿತು. ಕುರ್ಚಿಯಿಂದ ಎದ್ದು ನಿಂತ. ಈ ಆಟದಲ್ಲಿ ಮನುಷ್ಯನನ್ನು ಹಿಡಿಯುವುದೇ ತಪ್ಪು, ಕಾಲು ಹಿಡಿದರೆ ಹೊರಗೆ ಹಾಕುತ್ತಾರೆ, ಇಷ್ಟು ವರ್ಷ ನನ್ನ ಗ್ಯಾರೇಜಿನಲ್ಲಿ ಕೂತು ಬಿಸ್ಕತ್ತು ತಿಂದು ಇಷ್ಟೂ ಕಲಿಯಲಿಲ್ಲವಾ, ಕಣ್ಣು ಮುಚ್ಚಿಕೊಂಡು ನೋಡುತ್ತೀಯಾ ಅಂತ ಕೈ ಆಡಿಸಿ ಕೂಗಿದ.

"ಅಜ್ಜಿ, ದಟ್ಸ್ ಸೋ ರೂಡ್. ಲೆಟ್ಸ್ ಗೋ," ಅಂದಳು ಮೀರಾ.

"ಸುಮ್ನ ಕೂಡು," ಅಂದೆ. "ಈಗ ಬೈಯಾಕ ಹತ್ಯಾನ."

ಗರಡಿಯ ಕಟ್ಟೆ ಈಗ ಇಲ್ಲ, ಅಲ್ಲಿ ಬಸ್ಸಿನ ತಂಗುದಾಣ ಆಗಿದೆ. ಪಂಚಮಿಗೆ ಈಗಲೂ ಆಟ ಆಡಿಸುತ್ತಾರಂತೆ. ಗೆದ್ದವರಿಗೆ ಶಾಲು, ಸೋತವರಿಗೂ ಒಂದು ಕಪ್ಪು, ಎಲ್ಲರಿಗೂ ಫೋಟೋ. ಯಮನೂರ ತೀರಿಹೋಗಿ ವರ್ಷವಾಯಿತು. ಫೋನ್ ಎತ್ತಿದ ಕೂಡಲೇ "ಏ ಗಂಗೀ, ಸತ್ತಿಲ್ಲೇನ ಇನ್ನಾ?" ಅನ್ನುವ ಬಾಯಿ ಅದೊಂದೇ ಉಳಿದಿತ್ತು. ಈಗ ನಾನು ಎಲ್ಲರಿಗೂ ಆಂಟಿ, ಅಜ್ಜಿ, ನೀವು. ಮಗಳು ಸಹ ಬೈಯುವುದಿಲ್ಲ. ಕ್ರ್ಯಾನ್‌ಬರಿಯಲ್ಲಿ ಕೆಲಸ ಮುಗಿಸಿ ಡ್ರೈವ್ ಮಾಡಿಕೊಂಡು ದಣಿದು ಬರುತ್ತಾಳೆ, ನಾನು ಹಾಲು ಉಕ್ಕಿಸಿದರೂ "ಇಟ್ಸ್ ಓಕೆ ಅಮ್ಮಾ" ಅನ್ನುತ್ತಾಳೆ.

ಆ ಭಾನುವಾರ ಸಂಜೆ ಬಾಗಿಲ ಬೆಲ್ ಆಯಿತು. ಪ್ಯಾಟ್ ನಿಂತಿದ್ದ, ತಲೆ ಬಾಚಿಕೊಂಡು, ಕೈಯಲ್ಲಿ ಬಿಸ್ಕತ್ತಿನ ಡಬ್ಬಿ. ಬೆಳಿಗ್ಗೆಯ ಮಾತಿಗೆ ಸಾರಿ ಹೇಳಲು ಬಂದಿದ್ದಾನೆ ಅಂದಳು ಮೀರಾ.

ಡಬ್ಬಿ ಇಟ್ಟುಕೊಂಡೆ. ಸಾರಿ ವಾಪಸ್ ಕಳಿಸಿದೆ.